ಗುರುತು ತಪ್ಪಿದ ರಾತ್ರಿ

ಅಪ್ಪನ ಸಮಾಧಿಗೆ ಪುಷ್ಪಚಕ್ರ ಇಡಲು ಅಣ್ಣ ತಂಗಿ ಇನ್ನೂರು ಮೈಲಿ ಕಾರಿನಲ್ಲಿ ಬಂದಿದ್ದಾರೆ. ಹೋಗಿ ಬರಲೇಬೇಕೆಂದು ಹಟ ಹಿಡಿದ ಅಮ್ಮ ಮನೆಯಲ್ಲೇ ಉಳಿದಿದ್ದಾಳೆ. ಭಾನುವಾರವೊಂದು ಹಾಳಾಯಿತೆಂದು ಅಣ್ಣನಿಗೆ ಸಿಟ್ಟು. ಪುಷ್ಪಚಕ್ರದ ಮೇಲೆ ‘ನಾವಿನ್ನೂ ಮರೆತಿಲ್ಲ’ ಎಂಬರ್ಥದ ಬರಹವಿದೆ. ಅದನ್ನು ಓದಿ ಅವನು, ನನಗಂತೂ ಆ ಮನುಷ್ಯನ ಮುಖವೇ ನೆನಪಿಲ್ಲ ಎನ್ನುತ್ತಾನೆ. ಪ್ರತಿ ವರ್ಷ ದುಡ್ಡು ಕೊಟ್ಟು ಒಂದನ್ನು ತಂದಿಡುತ್ತೇವೆ, ಮುಂದಿನ ವರ್ಷ ಬಂದರೆ ಹಳೆಯದು ಇರುವುದಿಲ್ಲ. ಯಾರೋ ಅದನ್ನೇ ಎತ್ತಿಕೊಂಡು ಹೋಗಿ, ಒರೆಸಿ, ಮತ್ತೆ ಮಾರುತ್ತಿರಬೇಕು. ಒಂದೇ ಚಕ್ರವನ್ನು ನಾವು ಎಷ್ಟು ಸಲ ಕೊಂಡಿದ್ದೇವೋ ಎಂಬುದು ಅವನ ಲೆಕ್ಕಾಚಾರ. ತಂಗಿ ಮಂಡಿಯೂರಿ ಪ್ರಾರ್ಥಿಸುತ್ತಾಳೆ. ಅಷ್ಟು ದೂರದಲ್ಲಿ ಸೂಟು ತೊಟ್ಟ ಸಣಕಲು ಮನುಷ್ಯನೊಬ್ಬ ಗೋರಿಗಳ ನಡುವೆ ತೂರಾಡುತ್ತ ನಡೆದು ಬರುತ್ತಿದ್ದಾನೆ. ಚಿಕ್ಕಂದಿನಲ್ಲಿ ಇದೇ ಜಾಗದಲ್ಲಿ ತಂಗಿಯನ್ನು ಹೆದರಿಸುತ್ತಿದ್ದ ಅಣ್ಣ ಈಗಲೂ ಆ ಆಟ ಬಿಟ್ಟಿಲ್ಲ. ಅಗೋ, ನಿನ್ನನ್ನು ಹಿಡಿಯಲು ಬರುತ್ತಿದ್ದಾರೆ ಎಂದು ಆ ಮನುಷ್ಯನತ್ತ ಕೈ ತೋರಿಸುತ್ತಾನೆ. ತಂಗಿಗೆ ನಾಚಿಕೆ. ಪಾಪ, ಕೇಳಿಸಿಕೊಂಡನೇನೋ. ಕ್ಷಮೆ ಕೇಳೋಣವೆಂದು ಅವನ ಕಡೆಗೆ ನಡೆಯುತ್ತಾಳೆ.

ಅವನು ಸತ್ತವನು.

ಜಾರ್ಜ್ ರೊಮೆರೊ ನಿರ್ದೇಶಿಸಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಶುರುವಾಗುವುದು ಹೀಗೆ. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಜಾಂಬಿ ಸಿನಿಮಾ ತೆಗೆದರೂ ಅದು ಈ ಚಿತ್ರದ ಋಣದಲ್ಲೇ ಇರುತ್ತದೆ. 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗ್‌ನ ಫುಲ್ಟನ್ ಥಿಯೇಟರಿನಲ್ಲಿ ಇದು ಮೊದಲು ತೆರೆ ಕಂಡಿತು. ಮಾಡಿದವರು ಹಾಲಿವುಡ್ಡಿನವರಲ್ಲ, ಪಿಟ್ಸ್‌ಬರ್ಗಿನಲ್ಲಿ ಜಾಹೀರಾತು ಚಿತ್ರ ತೆಗೆದು ಹೊಟ್ಟೆ ಹೊರೆಯುತ್ತಿದ್ದ ಗೆಳೆಯರು. ಇಮೇಜ್ ಟೆನ್ ಎಂಬ ಹೆಸರಿನಲ್ಲಿ ಕೈಯಲ್ಲಿದ್ದಷ್ಟು ಹಣ ಕೂಡಿಸಿಕೊಂಡು, ಸುಮಾರು 1,14,000 ಡಾಲರಿನಲ್ಲಿ, ಕಪ್ಪು ಬಿಳುಪಿನಲ್ಲಿ ಮುಗಿಸಿದರು. ಚಿತ್ರೀಕರಣ ನಡೆದದ್ದು ಪಿಟ್ಸ್‌ಬರ್ಗಿನ ಉತ್ತರಕ್ಕಿರುವ ಇವಾನ್ಸ್ ಸಿಟಿ ಎಂಬ ಸಣ್ಣ ಊರಿನ ಸುತ್ತಮುತ್ತ. ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದರು, ಮಾಂಸವನ್ನು ಹಣ ಹೂಡಿದ್ದ ಕಟುಕನೊಬ್ಬನೇ ಒದಗಿಸಿದ. ಈ ಸಂಗತಿಗಳನ್ನು ಸಿನಿಮಾಪ್ರಿಯರು ಬಾಯಿಪಾಠದಂತೆ ಒಪ್ಪಿಸುತ್ತಾರೆ. ನನ್ನ ಆಸಕ್ತಿ ಬೇರೆ ಕಡೆಗಿದೆ.

ಕತೆ ನೇರವಾದದ್ದು. ಅಣ್ಣ ಜಾನಿ ಆ ಶವದೊಂದಿಗಿನ ಸೆಣಸಾಟದಲ್ಲಿ ಗೋರಿಕಲ್ಲಿಗೆ ತಲೆ ತಾಗಿ ಬೀಳುತ್ತಾನೆ. ತಂಗಿ ಬಾರ್ಬ್ರಾ ಓಡಿ ಓಡಿ ಹೊಲದ ನಡುವಿನ ಒಂಟಿಮನೆ ಸೇರುತ್ತಾಳೆ. ಅಲ್ಲಿಗೆ ಬೆನ್ ಎಂಬ ಅಪರಿಚಿತ ಬರುತ್ತಾನೆ. ನೆಲಮಾಳಿಗೆಯಲ್ಲಿ ಆಗಲೇ ಐವರು ಅಡಗಿದ್ದಾರೆ: ಹ್ಯಾರಿ ಮತ್ತು ಹೆಲೆನ್ ಕೂಪರ್ ದಂಪತಿ, ಗಾಯಗೊಂಡು ಮಲಗಿರುವ ಅವರ ಮಗಳು ಕೆರೆನ್, ಟಾಮ್ ಮತ್ತು ಜೂಡಿ ಎಂಬ ಹರೆಯದ ಜೋಡಿ. ಹೊರಗೆ ಹೆಣಗಳು ಕೂಡಿಕೊಳ್ಳುತ್ತಿವೆ. ಮರುಬೆಳಗು ಮುಗಿಯುವಷ್ಟರಲ್ಲಿ ಏಳೂ ಜನ ಸಾಯುತ್ತಾರೆ.

ಸಾವಿನ ಈ ಲೆಕ್ಕ ಮುಖ್ಯವಲ್ಲ. ಭಯದ ಚಿತ್ರಗಳಲ್ಲಿ ಜನ ಸಾಯುವುದೇ ಕಸುಬು. ಇಲ್ಲಿ ಯಾರು ಯಾರ ಕೈಯಿಂದ ಸಾಯುತ್ತಾರೆ ಎಂಬುದನ್ನು ನೋಡಬೇಕು. ಬಾರ್ಬ್ರಾಳನ್ನು ಎಳೆದೊಯ್ಯುವುದು ಅವಳ ಅಣ್ಣ. ಹೆಲೆನ್ ಸಾಯುವುದು ಹೆತ್ತ ಮಗಳಿಂದ. ಇಬ್ಬರಿಗೂ ಬಂದವರು ಯಾರೆಂದು ಗೊತ್ತು. ಗೊತ್ತಿದ್ದುದರಿಂದಲೇ ಸತ್ತರು ಎನ್ನಬೇಕು.

ಬಾರ್ಬ್ರಾಳ ವಿಷಯ ತೆಗೆದುಕೊಳ್ಳಿ. ಚಿತ್ರದ ಬಹುಪಾಲು ಅವಳು ಸೋಫಾದಲ್ಲಿ ಮಂಕಾಗಿ ಕುಳಿತಿರುತ್ತಾಳೆ. ಸೋಫಾದ ತೋಳಿಗೆ ಹೊದಿಸಿದ ಕಸೂತಿ ಬಟ್ಟೆಯನ್ನು ಬೆರಳಲ್ಲಿ ತಡವುತ್ತಾಳೆ, ಯಾರದೋ ಸಂಗೀತದ ಪೆಟ್ಟಿಗೆಯನ್ನು ಕೀಲಿ ಕೊಟ್ಟು ಕೇಳುತ್ತಾಳೆ. ಅಣ್ಣ ಹೊರಗಿದ್ದಾನೆ, ಹುಡುಕಬೇಕು ಎಂಬುದೊಂದೇ ಅವಳ ಮಾತು. ಅವನು ಸತ್ತಿದ್ದಾನೆ ಎಂದು ಬೆನ್ ಹೇಳಿದರೂ ಒಪ್ಪುವುದಿಲ್ಲ. ಕೊನೆಗೆ ಬಾಗಿಲು ಮುರಿಯುವ ಹೊತ್ತಿಗೆ ಎಚ್ಚೆತ್ತವಳಂತೆ ಎದ್ದು ಬಾಗಿಲಿಗೆ ಒತ್ತುಕೊಡುತ್ತಾಳೆ. ಅವಳಲ್ಲಿ ಬದುಕುವ ಛಲ ಕಂಡದ್ದು ಅದೇ ಮೊದಲು. ಆಗ ಮುನ್ನುಗ್ಗುವ ಗುಂಪಿನ ಮುಂದೆ ಅಣ್ಣನ ಮುಖ, ಕೈಯಲ್ಲಿ ಕಾರು ಓಡಿಸುವಾಗ ತೊಟ್ಟಿದ್ದ ಅದೇ ಕೈಗವಸು. ಅವಳ ಕೈ ಸಡಿಲವಾಗುತ್ತದೆ. ಹುಡುಕುತ್ತಿದ್ದವನು ಸಿಕ್ಕಿದ್ದಾನೆ, ಆದರೆ ಸಿಕ್ಕದ್ದು ಅವನಲ್ಲ. ಈ ಎರಡು ತಿಳಿವಳಿಕೆಗಳ ನಡುವೆ ಒಂದು ಉಸಿರಿನಷ್ಟು ಬಿಡುವಿದೆ. ಅಷ್ಟರಲ್ಲೇ ಅವಳು ಮುಗಿದಳು.

ಹೆಲೆನ್‌ಳದು ಇದಕ್ಕಿಂತ ಕಠೋರ. ಮಗಳನ್ನು ಎದ್ದ ಹೆಣವೊಂದು ಕಚ್ಚಿದೆ. ಮಗು ಜ್ವರದಲ್ಲಿ ಮಲಗಿದೆ ಎಂದು ತಾಯಿ ತಿಳಿದಿದ್ದಾಳೆ. ನೆಲಮಾಳಿಗೆಗೆ ಇಳಿದಾಗ ಆ ಮಗು ಸತ್ತು, ಎದ್ದು, ತಂದೆಯ ದೇಹದ ಮುಂದೆ ಕೂತಿದೆ. ಹೆಲೆನ್ ಹಿಂದೆ ಸರಿಯುತ್ತ ಎಡವಿ ಬೀಳುತ್ತಾಳೆ. ಮಗಳು ಗೋಡೆಯಲ್ಲಿ ತೂಗುಹಾಕಿದ್ದ ಗಾರೆ ಕರಣೆಯನ್ನು ಹಿಡಿದು ಹತ್ತಿರ ಬರುತ್ತಾಳೆ. ಒಂಬತ್ತು ಹತ್ತು ವರ್ಷದ ಕೃಶ ಹುಡುಗಿ ಅವಳು, ತಳ್ಳಿದರೆ ಬೀಳುತ್ತಾಳೆ. ಹೆಲೆನ್ ತಳ್ಳುವುದಿಲ್ಲ. ಮಗುವನ್ನು ಮುದ್ದಿನಿಂದ ಕರೆಯುತ್ತಲೇ ಇರುತ್ತಾಳೆ. ಇಷ್ಟು ದಿನ ಆ ಹೆಸರಿಗೆ ಓಗೊಡುತ್ತಿದ್ದುದು ಈಗ ಆ ದೇಹದಲ್ಲಿಲ್ಲ ಎಂದು ಒಪ್ಪಲು ಅವಳಿಗೆ ಯಾರೂ ಸಮಯ ಕೊಟ್ಟಿಲ್ಲ.

ಸಾವಿಲ್ಲದ ಮನೆಯ ಸಾಸಿವೆ ತರಲು ಹೊರಟ ಕಿಸಾಗೋತಮಿಯ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಕತೆಯ ನೀತಿಯನ್ನು ನಾವು ಬೇಗ ಹೇಳಿ ಮುಗಿಸುತ್ತೇವೆ: ಸಾವು ಎಲ್ಲರ ಮನೆಯಲ್ಲೂ ಆಗಿದೆ. ಅದನ್ನು ಬುದ್ಧ ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ, ಊರು ತಿರುಗಲು ಕಳಿಸಿದ. ಸತ್ತ ಮಗು ಕಾಯಿಲೆಯ ಮಗುವೆಂದೇ ನಂಬಿ ಎತ್ತಿಕೊಂಡು ಬಂದವಳಿಗೆ ಮನೆ ಮನೆಯ ಹೊಸ್ತಿಲಲ್ಲಿ ನಿಲ್ಲುವಷ್ಟು ಹೊತ್ತು ಬೇಕಿತ್ತು. ಆ ನಡಿಗೆಯಲ್ಲಿ ಅವಳ ಕಣ್ಣು ಬದಲಾಯಿತು. ಸಂಜೆಗೆ ತೋಳಲ್ಲಿದ್ದುದನ್ನು ಅದು ಏನೋ ಅದಾಗಿಯೇ ನೋಡಬಲ್ಲವಳಾದಳು. ಆಮೇಲೆ ಕೆಳಗಿಟ್ಟಳು. ಅನಿತ್ಯದ ಪಾಠ ಕಿವಿಗೆ ಹೇಳುವಂಥದ್ದಲ್ಲ. ಅದನ್ನು ಕಣ್ಣು ಕಲಿಯಬೇಕು, ನಿಧಾನವಾಗಿ, ಪಟ್ಟು ಬಿಡುತ್ತ ಬಿಡುತ್ತ.

ಶವಸಂಸ್ಕಾರಗಳು ಇರುವುದು ಇದಕ್ಕೇ ಎಂದು ನನಗೆ ಅನ್ನಿಸುತ್ತದೆ. ಸತ್ತವನನ್ನು ಪರಲೋಕಕ್ಕೆ ದಾಟಿಸುವ ಮಾತು ಹಾಗಿರಲಿ. ಉಳಿದವರ ಕಣ್ಣನ್ನು ಅವು ಮೊದಲು ದಾಟಿಸುತ್ತವೆ. ಸುಡಲಿ, ಹೂಳಲಿ, ಕೂರಿಸಿ ಸಮಾಧಿ ಮಾಡಲಿ, ಮೊದಲು ಮುಖ ನೋಡಲು ಬಿಡುತ್ತಾರೆ. ನೀರು ಹಾಕುತ್ತಾರೆ, ಬಾಯಿಗೆ ಅಕ್ಕಿಕಾಳು ಹಾಕುತ್ತಾರೆ, ಆಮೇಲೆ ಮುಖ ಮುಚ್ಚುತ್ತಾರೆ. ಹೆಗಲ ಮೇಲಿನ ಮಡಕೆ ಒಡೆಯುತ್ತದೆ. ಹೊರಟವರು ತಿರುಗಿ ನೋಡಬಾರದು ಎಂಬ ಕಟ್ಟುನಿಟ್ಟು. ಚಿಕ್ಕವರಿದ್ದಾಗ ಇದನ್ನು ದೆವ್ವದ ಭಯಕ್ಕೆ ಹೇಳುತ್ತಾರೆಂದು ಎಲ್ಲರೂ ತಿಳಿಯುತ್ತೇವೆ. ತಿರುಗಿ ನೋಡಿದರೆ ದೆವ್ವ ಬರುವುದು ಬೇರೆ ಮಾತು, ಅಲ್ಲಿ ಇನ್ನೂ ಅಪ್ಪ ಕಾಣುತ್ತಾನಲ್ಲ! ಹನ್ನೊಂದು, ಹದಿಮೂರು ದಿನಗಳುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಒಬ್ಬ ಮನುಷ್ಯ ಹೆಸರಾಗುತ್ತಾನೆ, ಹೆಸರು ಎಡೆಯ ಮುಂದಿನ ಸ್ಮರಣೆಯಾಗುತ್ತದೆ. ಕಾಗೆ ಬಂದು ಪಿಂಡ ಮುಟ್ಟಿತೋ ಇಲ್ಲವೋ ಎಂದು ಕಾಯುವ ಆ ಹೊತ್ತಿನಲ್ಲಿ ಕಾಯುವವರೆಲ್ಲ ಒಂದು ವಿಷಯವನ್ನಂತೂ ಒಪ್ಪಿಕೊಂಡಿರುತ್ತಾರೆ: ಬರುವುದು ಕಾಗೆ.

ಅಮೆರಿಕದ ದಾರಿ ಬೇರೆಯದಾಗಿತ್ತು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಸತ್ತ ಸೈನಿಕರನ್ನು ದೂರದ ಊರುಗಳಿಗೆ ಕಳಿಸಬೇಕಾಗಿ ಬಂದಾಗ ಹೆಣ ಕೆಡದಂತೆ ರಾಸಾಯನಿಕ ತುಂಬುವ ಪದ್ಧತಿ ಅಲ್ಲಿ ಹರಡಿತು. ಲಿಂಕನ್ನನ ದೇಹವನ್ನು ಹೀಗೆ ಸಿದ್ಧಪಡಿಸಿ ರೈಲಿನಲ್ಲಿ ಊರೂರಿಗೆ ಕೊಂಡೊಯ್ದು ಜನರಿಗೆ ತೋರಿಸಿದರು. ಅದು ಮುಂದೆ ಒಂದು ಉದ್ಯಮವೇ ಆಯಿತು. ಸತ್ತವರಿಗೆ ಬಣ್ಣ ಬಳಿದು, ಕೂದಲು ಬಾಚಿ, ಒಳ್ಳೆಯ ಸೂಟು ತೊಡಿಸಿ, ನಿದ್ದೆ ಹೋದಂತೆ ಮಲಗಿಸುವ ಕಲೆ. ಜೆಸಿಕಾ ಮಿಟ್‌ಫೋರ್ಡ್ 1963ರಲ್ಲಿ ‘ದಿ ಅಮೆರಿಕನ್ ವೇ ಆಫ್ ಡೆತ್’ ಬರೆದು ಈ ದಂಧೆಯ ಬೆವರಿಳಿಸಿದ್ದಳು. ಚಿತ್ರ ಬಂದದ್ದು ಅದಾದ ಐದು ವರ್ಷಕ್ಕೆ. ಅಲ್ಲಿ ಆಗ ನೂರಕ್ಕೆ 5 ಹೆಣಗಳನ್ನೂ ಸುಡುತ್ತಿರಲಿಲ್ಲ. ಮುಖವನ್ನು ಆದಷ್ಟು ಹಾಗೇ ಉಳಿಸಿಕೊಂಡು, ಹಾಗೇ ಉಳಿದಿದೆ ಎಂಬ ನಂಬಿಕೆಯಲ್ಲಿ ಮಣ್ಣಿಗೆ ಇಳಿಸಿ, ವರ್ಷಕ್ಕೊಮ್ಮೆ ಪ್ಲಾಸ್ಟಿಕ್ ಹೂವಿಟ್ಟು ಬರುವುದು ವಾಡಿಕೆ. ಅಂಥ ನಾಡಿನಲ್ಲಿ ಸೂಟು ತೊಟ್ಟ ಹೆಣ ಎದ್ದು ಬರುತ್ತದೆ. ಬದಲಾಗಬಾರದೆಂದು ಕೇಳಿಕೊಂಡಿದ್ದರಲ್ಲ, ಬದಲಾಗದೆ ಬಂದಿದೆ.

ಚಿತ್ರದೊಳಗಿನ ಟಿವಿಯಲ್ಲಿ ಡಾಕ್ಟರೊಬ್ಬರು ಬಂದು ಹೇಳುವ ಮಾತು ನನಗೆ ಹೆಣಗಳಿಗಿಂತ ಹೆಚ್ಚು ಭಯಂಕರವಾಗಿ ಕೇಳಿದೆ. ಸತ್ತವರು ನಿಮಿಷಗಳಲ್ಲಿ ಏಳುತ್ತಾರೆ, ಅಂತ್ಯಕ್ರಿಯೆಗೆ ಸಮಯವಿಲ್ಲ, ದೇಹವನ್ನು ಬೀದಿಗೆ ಒಯ್ದು ಪೆಟ್ರೋಲ್ ಸುರಿದು ಸುಡಿ. ಅಂತ್ಯಕ್ರಿಯೆ ಕೊಡುವ ಸಮಾಧಾನವನ್ನು ಸದ್ಯಕ್ಕೆ ಕುಟುಂಬದವರು ಬಿಡಬೇಕಾಗುತ್ತದೆ ಎಂಬುದು ಅವರ ಮಾತಿನ ಸಾರ. ಧ್ವನಿಯಲ್ಲಿ ಏರಿಳಿತವಿಲ್ಲ. ಸುಡುವುದು ಭಾರತದ ನೋಡುಗನಿಗೆ ಹೊಸದಲ್ಲ; ತೊಳೆಯದೆ, ಮುಖ ನೋಡದೆ, ಹೆಸರು ಕರೆಯದೆ ಸುಡುವುದು ಹೊಸದು. ಹೊಸದಾಗಿತ್ತು ಎನ್ನಬೇಕು. ಕೋವಿಡ್ ಕಾಲದಲ್ಲಿ, 2020, 2021ರಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹಗಳು ಆಂಬುಲೆನ್ಸಿನಲ್ಲಿ ಸಾಲುಗಟ್ಟಿ ಚಿತಾಗಾರದ ಮುಂದೆ ನಿಂತದ್ದನ್ನು ಬೆಂಗಳೂರು ನೋಡಿದೆ. ಯಾರೂ ಬಂದು ಪಡೆಯದ ಅಸ್ಥಿಯನ್ನು 2021ರ ಜೂನ್‌ನಲ್ಲಿ ಸರ್ಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಕಂದಾಯ ಸಚಿವರು ನಿಂತು ಮಾಡಿದರು. ಸಚಿವರಿಗೆ ಆ ಸತ್ತವರು ಯಾರೂ ಅಲ್ಲ, ಆದರೂ ಯಾರೋ ಒಬ್ಬರು ನೀರಿಗೆ ಬಿಡಬೇಕಿತ್ತು. ಆ ವರ್ಷ ಮುಖ ನೋಡಲಾಗದೆ ಕಳಿಸಿಕೊಟ್ಟವರು ಇವತ್ತಿಗೂ ಬಾಗಿಲ ಸದ್ದಿಗೆ ತಲೆಯೆತ್ತುವುದುಂಟು. ಹೋದವರು ಹೋದರೆಂದು ಅವರ ಮನಸ್ಸಿಗೆ ಗೊತ್ತು, ಕಣ್ಣಿಗೆ ಯಾರೂ ತಿಳಿಸಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು. ನಮ್ಮ ದೆವ್ವಗಳಿಗೆ ನೆನಪು ಚೆನ್ನಾಗಿದೆ. ಅವು ಬರುವುದು ಯಾವುದೋ ಆಸೆ ತೀರದೆ. ಯಾರ ಮೈಮೇಲೆ ಬರಬೇಕು, ಯಾರನ್ನು ಕಾಡಬೇಕು ಎಂಬುದು ಅವಕ್ಕೆ ಗೊತ್ತು. ಏನು ಬೇಕು ಎಂದು ಕೇಳಬಹುದು. ಕೋಳಿಯನ್ನೋ ಸೀರೆಯನ್ನೋ ಕೊಟ್ಟು ರಾಜಿಯಾಗಬಹುದು. ಹೈಟಿಯ ಜಾನಪದದ ಜಾಂಬಿಗೂ ಅದನ್ನು ದುಡಿಸಿಕೊಳ್ಳುವ ಒಡೆಯನಿದ್ದ. ರೊಮೆರೊನ ಹೆಣಗಳಿಗೆ ಒಡೆಯನಿಲ್ಲ, ಅಹವಾಲಿಲ್ಲ, ಹಗೆಯೂ ಇಲ್ಲ. ಹತ್ತು ವರ್ಷದ ಮೇಲೆ, 1978ರಲ್ಲಿ, ಅವನು ತೆಗೆದ ‘ಡಾನ್ ಆಫ್ ದಿ ಡೆಡ್’ನಲ್ಲಿ ಹೆಣಗಳು ಮನ್ರೋವಿಲ್ ಎಂಬಲ್ಲಿಯ ಶಾಪಿಂಗ್ ಮಾಲಿಗೆ ಬಂದು ಸುತ್ತಾಡುತ್ತವೆ. ಬದುಕಿದ್ದಾಗ ಬರುತ್ತಿದ್ದ ಜಾಗವಂತೆ, ಕಾಲು ತಾನಾಗಿ ಬಂದಿದೆ. ನಮ್ಮ ಹಳಬರು ವಾಸನೆ ಎಂದು ಕರೆದದ್ದು ಇದನ್ನೇ ಇರಬೇಕು: ಮನುಷ್ಯ ಹೋದ ಮೇಲೂ ಹೋಗದ ರೂಢಿ. ಎಸ್ಕಲೇಟರ್ ಹತ್ತಿಳಿಯುವ ಆ ಶವಗಳನ್ನು ನೋಡಿ ಜನ ಗ್ರಾಹಕ ಸಂಸ್ಕೃತಿಯ ವಿಡಂಬನೆ ಎಂದು ಸಾವಿರ ಲೇಖನ ಬರೆದರು. ಸರಿಯೇ ಇರಬಹುದು, ಆದರೆ ಮೊದಲ ಚಿತ್ರದ ಒಂದು ಕೈಗವಸು ಆ ಇಡೀ ಮಾಲಿಗಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಮನೆಯ ಮಾತಿಗೆ ಬರೋಣ. ಆಶ್ರಯ ಕೊಟ್ಟ ಆ ಮನೆಯನ್ನು ಕಾಪಾಡಿಕೊಳ್ಳಲು ಬೆನ್ ಮಾಡುವ ಕೆಲಸವೇನು? ಒಳಬಾಗಿಲುಗಳನ್ನು ಕೀಲಿನಿಂದ ಕಳಚುತ್ತಾನೆ, ಮೇಜಿನ ಕಾಲು ಮುರಿಯುತ್ತಾನೆ, ಇಸ್ತ್ರಿ ಹಲಗೆಯನ್ನೂ ಬಿಡದೆ ತಂದು ಕಿಟಕಿಗೆ ಮೊಳೆ ಹೊಡೆಯುತ್ತಾನೆ. ಕುರ್ಚಿಯೊಂದಕ್ಕೆ ಬೆಂಕಿ ಹಚ್ಚಿ ಹೊರಗೆ ತಳ್ಳುತ್ತಾನೆ. ಮನೆ ಉಳಿಯಬೇಕಾದರೆ ಮನೆಯನ್ನು ಬಿಚ್ಚಬೇಕು. ಅದರ ಯಜಮಾನಿತಿ ಮಹಡಿಯ ಮೇಲೆ ಅರೆಬರೆ ದೇಹವಾಗಿ ಬಿದ್ದಿದ್ದಾಳೆ. ಅವಳ ಬೀರುವಿನಿಂದ ತೆಗೆದ ಚಪ್ಪಲಿಯನ್ನು ಬೆನ್, ಓಡಿ ಬರುವಾಗ ಕಾಲ್ಜೋಡು ಕಳೆದುಕೊಂಡ ಬಾರ್ಬ್ರಾಳ ಪಾದಕ್ಕೆ ಮಂಡಿಯೂರಿ ತೊಡಿಸುತ್ತಾನೆ. ಇಡೀ ಚಿತ್ರದಲ್ಲಿ ಒಬ್ಬರು ಇನ್ನೊಬ್ಬರಿಗೆ ಮೆತ್ತಗೆ ಏನನ್ನಾದರೂ ಮಾಡುವುದು ಅಪರೂಪ. ಸತ್ತವಳ ವಸ್ತು ಹೀಗೆ ಬದುಕಿದವಳ ಕಾಲಿಗೆ ಬಂದಾಗ ಅಲ್ಲಿ ಭೀತಿಯಿಲ್ಲ. ಲೋಕದಲ್ಲಿ ಎಲ್ಲವೂ ಹಾಗೇ ಕೈ ಬದಲಾಯಿಸುತ್ತ ಬಂದಿದೆ. ಜಾನಿ ಗೊಣಗಿದ ಪುಷ್ಪಚಕ್ರದ ವ್ಯಾಪಾರವೂ ಅಷ್ಟೇ ತಾನೆ?

ಚಿತ್ರತಂಡಕ್ಕೆ ಆ ಮನೆ ಸಿಕ್ಕದ್ದೇ ಅದನ್ನು ಕೆಡವಲಿದ್ದರು ಎಂಬ ಕಾರಣಕ್ಕೆ. ಹೇಗೆ ಬೇಕಾದರೂ ಹೊಡೆಯಿರಿ, ಬಡಿಯಿರಿ, ಹೇಗೂ ಹೋಗುವ ಮನೆ. ಚಿತ್ರೀಕರಣ ಮುಗಿದ ಮೇಲೆ ಅದನ್ನು ಕೆಡವಿದರು. ಅದರ ನೆಲಮಾಳಿಗೆ ಉಪಯೋಗಕ್ಕೆ ಬರುವಂತಿರಲಿಲ್ಲವಾದ್ದರಿಂದ ಆ ದೃಶ್ಯಗಳನ್ನು ಪಿಟ್ಸ್‌ಬರ್ಗಿನ ತಮ್ಮ ಸ್ಟುಡಿಯೊ ಕಟ್ಟಡದ ಕೆಳಗೆ ತೆಗೆದರು. ಹ್ಯಾರಿ ಕೂಪರ್ ಮತ್ತು ಬೆನ್ ಚಿತ್ರದುದ್ದಕ್ಕೂ ಕಚ್ಚಾಡುವುದು ಮೇಲೆ ಇರಬೇಕೋ ಕೆಳಗೆ ಇರಬೇಕೋ ಎಂಬ ಒಂದೇ ವಿಷಯಕ್ಕೆ. ನೆಲಮಾಳಿಗೆಯೇ ಭದ್ರ ಎಂದು ಕೂಪರ್. ಅದು ಬೋನು ಎಂದು ಬೆನ್. ಹಾಗೆ ಕಚ್ಚಾಡಿದವರಿಗೆ ತಾವು ಜಗಳವಾಡುತ್ತಿರುವ ಮೆಟ್ಟಿಲಿನ ಕೊನೆಗೆ ಇರುವುದು ಬೇರೊಂದು ಊರು ಎಂದು ಗೊತ್ತಿರಲಿಲ್ಲ ಎಂದುಕೊಂಡರೆ ನನಗೆ ನಗು ಬರುತ್ತದೆ. ಆ ಜಗಳ ಕೊನೆಗೆ ಬಗೆಹರಿಯುವ ರೀತಿಯಂತೂ ಕ್ರೂರ. ಮುಂಗೋಪಿ, ಸ್ವಾರ್ಥಿ, ಹೇಡಿ ಎಂದು ನಾವೆಲ್ಲ ಬೈದುಕೊಂಡ ಕೂಪರನ ಮಾತೇ ನಿಜವಾಗುತ್ತದೆ. ಬೆನ್ ಆ ರಾತ್ರಿ ಜೀವ ಉಳಿಸಿಕೊಂಡದ್ದು ತಾನು ಬೇಡವೆಂದ ನೆಲಮಾಳಿಗೆಯಲ್ಲಿ, ತನ್ನ ಕೈಯಾರೆ ಕೊಂದ ಕೂಪರನ ಹೆಣದ ಪಕ್ಕ. ಆ ಹೆಣ ಎದ್ದಾಗ ಮತ್ತೆ ಗುಂಡು ಹೊಡೆಯುತ್ತಾನೆ. ಹೆಲೆನ್ ಎದ್ದಾಗ ಅವಳಿಗೂ. ಅವರು ತನ್ನವರಲ್ಲವಾದ್ದರಿಂದ ಬೆನ್‌ಗೆ ಅದು ಸಾಧ್ಯವಾಯಿತು. ಆದರೂ ಕೈ ನಡುಗುತ್ತದೆ.

ಬೆಳಗಾಗುತ್ತದೆ. ಪೊಲೀಸರು, ಬಂದೂಕು ಹಿಡಿದ ಊರಿನ ಗಂಡಸರು, ನಾಯಿಗಳು, ಮೇಲೊಂದು ಹೆಲಿಕಾಪ್ಟರ್. ಹೊಲಗಳಲ್ಲಿ ಅಲೆಯುವ ಹೆಣಗಳನ್ನು ಒಂದೊಂದಾಗಿ ಹೊಡೆದು ಕೆಡಹುತ್ತ ಬರುತ್ತಿದ್ದಾರೆ. ಮುಖ್ಯಸ್ಥನ ಮಾತಿನಲ್ಲಿ ಬೇಟೆಗೆ ಬಂದವರ ಉಲ್ಲಾಸ. ನಾಯಿಯ ಬೊಗಳು ಕೇಳಿ ಬೆನ್ ಮೇಲೆ ಬರುತ್ತಾನೆ, ಬಂದೂಕು ಕೈಯಲ್ಲಿ, ಕಿಟಕಿಯಿಂದ ಎಚ್ಚರದಿಂದ ಇಣುಕುತ್ತಾನೆ. ಮನೆಯೊಳಗೆ ಏನೋ ಅಲ್ಲಾಡಿತು. ಎರಡು ಕಣ್ಣಿನ ನಡುವೆ ಹೊಡಿ ಎಂದು ಅಪ್ಪಣೆ. ಹೊಡೆಯುತ್ತಾರೆ. ಇನ್ನೊಂದು ಬೆಂಕಿಗೆ ಆಯಿತು ಎಂಬಂತೆ ಮುಂದೆ ಸಾಗುತ್ತಾರೆ.

ಬಾರ್ಬ್ರಾ ಮತ್ತು ಹೆಲೆನ್, ಇಲ್ಲವಾದವರನ್ನು ಇದ್ದಾರೆಂದು ಕಂಡರು. ಬೆಳಗಿನವರು ಇದ್ದವನನ್ನು ಇಲ್ಲವೆಂದು ಕಂಡರು. ಅನಿತ್ಯದ ಬಗ್ಗೆ ಮಾತಾಡುವವರು ಮೊದಲನೆಯದನ್ನೇ ಎಚ್ಚರಿಸುತ್ತ ಬಂದಿದ್ದಾರೆ: ಹಿಡಿದುಕೊಳ್ಳಬೇಡ, ಅದು ಆಗಲೇ ಹೋಗಿದೆ. ಎರಡನೆಯ ಅಪಾಯದ ಬಗ್ಗೆ ಅಷ್ಟಾಗಿ ಯಾರೂ ಹೇಳಿಲ್ಲ. ಎಲ್ಲವೂ ಹೋಗುವಂಥದ್ದೇ ಎಂದು ಬೇಗ ಒಪ್ಪಿಕೊಂಡವನ ಕೈ ಬಂದೂಕಿನ ಕುದುರೆಗೂ ಬೇಗ ಹೋಗುತ್ತದೆ. ನೂರು ಹೆಣ ಕಂಡ ಕಣ್ಣಿಗೆ ನೂರೊಂದನೆಯದೂ ಹೆಣ. ವೈರಾಗ್ಯಕ್ಕೂ ಉದಾಸೀನಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಹತ್ತಿರ ಹೋಗಿ ಉಸಿರಿದೆಯೇ ಎಂದು ನೋಡುವವನು ಯಾರು ಎಂಬುದರಲ್ಲಿ ಅದು ಗೊತ್ತಾಗುತ್ತದೆ. ಅಲ್ಲಿ ಯಾರೂ ಹತ್ತಿರ ಹೋಗಲಿಲ್ಲ.

ಬೆನ್‌ನ ಪಾತ್ರ ಮಾಡಿದ ಡುವೇನ್ ಜೋನ್ಸ್ ಕಪ್ಪು ಜನಾಂಗದವನು. ಪಾತ್ರವನ್ನು ಕಪ್ಪು ನಟನಿಗೆಂದು ಬರೆದಿರಲಿಲ್ಲ. ಪರೀಕ್ಷೆಗೆ ಬಂದವರಲ್ಲಿ ಅವನೇ ಚೆನ್ನಾಗಿ ಮಾಡಿದನೆಂದು ತೆಗೆದುಕೊಂಡರು. ಚಿತ್ರದಲ್ಲಿ ಯಾರೊಬ್ಬರೂ ಅವನ ಬಣ್ಣದ ಪ್ರಸ್ತಾಪ ಮಾಡುವುದಿಲ್ಲ. ಮುಗಿದ ಪ್ರತಿಯನ್ನು ಕಾರಿನಲ್ಲಿ ಹಾಕಿಕೊಂಡು, ವಿತರಕರನ್ನು ಹುಡುಕಿಕೊಂಡು ರೊಮೆರೊ ನ್ಯೂಯಾರ್ಕಿಗೆ ಹೊರಟಾಗ ರೇಡಿಯೊದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ಬಂತು. 1968ರ ಏಪ್ರಿಲ್ 4. ಅಷ್ಟು ಹೊತ್ತಿಗೆ ಡಬ್ಬಿಯೊಳಗಿನ ಚಿತ್ರದಲ್ಲಿ ಒಂದು ಚೌಕಟ್ಟೂ ಬದಲಾಗಿರಲಿಲ್ಲ, ಆದರೆ ಅದು ಬೇರೆ ಚಿತ್ರವಾಗಿತ್ತು. ಬಂದೂಕು ಹಿಡಿದ ಬಿಳಿ ಗಂಡಸರು, ಕಿಟಕಿಯಲ್ಲಿ ಕಂಡ ಕಪ್ಪು ಮುಖ: ಆ ದೇಶದಲ್ಲಿ ಇದಕ್ಕೆ ಜಾಂಬಿಗಳ ಅಗತ್ಯವೇ ಇರಲಿಲ್ಲ. ಬೆನ್ ಬದುಕುವಂತೆ ಕೊನೆಯನ್ನು ಬದಲಿಸಿದರೆ ಕೊಳ್ಳುತ್ತೇವೆಂದು ಅಮೆರಿಕನ್ ಇಂಟರ್‌ನ್ಯಾಷನಲ್ ಎಂಬ ವಿತರಣಾ ಸಂಸ್ಥೆ ಕೇಳಿತ್ತು. ರೊಮೆರೊ ಒಪ್ಪಲಿಲ್ಲ.

ಗುಂಡಿನ ಸದ್ದಾದ ಮೇಲೆ ಚಿತ್ರ ಚಲಿಸುವುದೇ ನಿಲ್ಲುತ್ತದೆ. ಕಾಳುಕಾಳಾದ ಸ್ಥಿರಚಿತ್ರಗಳು, ಪತ್ರಿಕೆಯ ಪುಟದಿಂದ ಕತ್ತರಿಸಿದಂತೆ. ಕಟುಕರ ಕೊಕ್ಕೆ ಹಿಡಿದು ಮನೆಯೊಳಗೆ ಬರುವ ಗಂಡಸರು, ಎಳೆದೊಯ್ಯುವ ದೇಹ, ರಾಶಿಗೆ ಹಾಕಿದ ಸೌದೆ. ಗೋರಿಗಳ ನಡುವೆ ತೂರಾಡಿ ಬಂದ ಆ ಮೊದಲ ಹೆಣದ ಪಕ್ಕದಲ್ಲೇ ಬೆನ್‌ನನ್ನು ಮಲಗಿಸಿದ್ದಾರೆ. ಈಗ ಇಬ್ಬರಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಬೆಂಕಿಯ ದೃಷ್ಟಿಯಿಂದ.

ಅಮೆರಿಕದಲ್ಲಿ ಚಿತ್ರಗಳಿಗೆ ವಯಸ್ಸಿನ ಶ್ರೇಣಿ ಕೊಡುವ ಪದ್ಧತಿ ಶುರುವಾದದ್ದು ಆ ವರ್ಷದ ನವೆಂಬರಿನಲ್ಲಿ. ಅದಕ್ಕೆ ಒಂದು ತಿಂಗಳು ಮುಂಚೆ ಬಂದ ಈ ಚಿತ್ರಕ್ಕೆ ಮಧ್ಯಾಹ್ನದ ಆಟಕ್ಕೆಂದು ಅಪ್ಪ ಅಮ್ಮಂದಿರು ಮಕ್ಕಳನ್ನು ಬಿಟ್ಟು ಹೋಗುತ್ತಿದ್ದರು. ವಿಮರ್ಶಕ ರೋಜರ್ ಈಬರ್ಟ್ ಅಂಥದೊಂದು ಆಟದ ಬಗ್ಗೆ ಬರೆದಿದ್ದಾನೆ. ಮೊದಲು ಗಲಾಟೆ ಮಾಡುತ್ತಿದ್ದ ಮಕ್ಕಳು ಕ್ರಮೇಣ ಸದ್ದಡಗಿ ಕುಳಿತರು. ಅವನಿಂದ ಸ್ವಲ್ಪ ದೂರದಲ್ಲಿ ಒಂಬತ್ತು ವರ್ಷದವಳಿರಬಹುದಾದ ಹುಡುಗಿಯೊಬ್ಬಳು ಅಲ್ಲಾಡದೆ ಕೂತು ಅಳುತ್ತಿದ್ದಳು. ಆ ಮಕ್ಕಳಿಗೆ ಹೆಣ ಎದ್ದದ್ದು ಹೊಸದಾಗಿರಲಿಲ್ಲ. ಅಂಥ ಚಿತ್ರಗಳನ್ನು ಅವರು ಕಂಡಿದ್ದರು. ಒಳ್ಳೆಯವನು, ಧೈರ್ಯವಂತನು, ರಾತ್ರಿಯೆಲ್ಲ ಬಾಗಿಲು ಕಾದವನು, ಬೆಳಕು ಹರಿದ ಮೇಲೆ ಸಾಯಬಹುದು ಎಂಬುದನ್ನು 1968ರ ಭಯದ ಚಿತ್ರಗಳು ಯಾವ ಮಗುವಿಗೂ ಹೇಳುತ್ತಿರಲಿಲ್ಲ. ಅಂದು ಅತ್ತ ಹುಡುಗಿಗೆ ಈಗ ಅರವತ್ತು ದಾಟಿರಬೇಕು.

ಚಿತ್ರದ ಮುಂದಿನ ಬದುಕು ಕತೆಗಿಂತ ವಿಚಿತ್ರ. ಮೊದಲು ಇದಕ್ಕಿದ್ದ ಹೆಸರು ಬೇರೆ. ವಾಲ್ಟರ್ ರೀಡ್ ಸಂಸ್ಥೆ ವಿತರಣೆಗೆ ತೆಗೆದುಕೊಂಡಾಗ ಹೆಸರು ಬದಲಿಸಿತು. ಹಕ್ಕುಸ್ವಾಮ್ಯದ ಸಾಲು ಹಳೆಯ ಹೆಸರಿನ ಫಲಕದ ಮೇಲಿತ್ತು. ಹೊಸ ಫಲಕ ಹಾಕುವಾಗ ಆ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದೆ ಪ್ರಕಟವಾದದ್ದು ಸಾರ್ವಜನಿಕರ ಸ್ವತ್ತು. ಮಾಡಿದವರ ಕೈಯಿಂದ ಚಿತ್ರ ಹೊರಟುಹೋಯಿತು. ಯಾರು ಬೇಕಾದರೂ ಪ್ರತಿ ತೆಗೆದರು, ಮಾರಿದರು, ನಡುರಾತ್ರಿಯ ಟಿವಿಗೆ ತುಂಬಿದರು. ಹಾಗೆ ಹರಡಿದ್ದರಿಂದಲೇ ಅದು ಉಳಿಯಿತು ಎಂದು ಹೇಳುವುದು ಈಗ ಫ್ಯಾಷನ್ ಆಗಿದೆ. ಬಿಟ್ಟುಕೊಟ್ಟದ್ದೇ ಉಳಿಯುತ್ತದೆ ಎಂಬ ತತ್ವಕ್ಕೆ ಒಳ್ಳೆಯ ದೃಷ್ಟಾಂತ. ನನಗೆ ಈ ದೃಷ್ಟಾಂತ ಸೇರುವುದಿಲ್ಲ. ಅವರು ಬಿಟ್ಟುಕೊಡಲಿಲ್ಲ, ಕಳೆದುಕೊಂಡರು. ಯಾರದೋ ಕೈತಪ್ಪಿಗೆ ಕಷ್ಟಪಟ್ಟವರ ದುಡ್ಡು ಹೋಯಿತು. ಅದನ್ನು ತ್ಯಾಗವೆಂದು ಹೊಗಳುವುದು ಲಾಭ ಪಡೆದವರ ವೇದಾಂತ.

ಪ್ರತಿಯಿಂದ ಪ್ರತಿ ತೆಗೆಯುತ್ತ ಚಿತ್ರ ಮಂಕಾಯಿತು. 1986ರಲ್ಲಿ ಅದಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿದರು, ಹೆಣಗಳಿಗೆ ಮಾಡುವಂತೆಯೇ. ಮೂವತ್ತು ವರ್ಷವಾದಾಗ ಕತೆಗಾರರಲ್ಲಿ ಒಬ್ಬನಾದ ಜಾನ್ ರುಸ್ಸೊ ಹೊಸ ದೃಶ್ಯ ತೆಗೆದು ಹಳೆಯದರ ನಡುವೆ ಸೇರಿಸಿದ. ಅದನ್ನು ಮೆಚ್ಚಿದವರು ಸಿಗುವುದು ಕಷ್ಟ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಪಟ್ಟಿಗೆ ಸೇರಿತು. 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಫಿಲ್ಮ್ ಫೌಂಡೇಶನ್ ಕೂಡಿ ಮೂಲ ನೆಗೆಟಿವ್‌ನಿಂದ ಅದನ್ನು ಹೊಸದಾಗಿ ಸಿದ್ಧಪಡಿಸಿದವು. ರೊಮೆರೊ ಅದನ್ನು ನೋಡಿದ. ಮರುವರ್ಷ ಜುಲೈನಲ್ಲಿ ಟೊರಾಂಟೊದಲ್ಲಿ ತೀರಿಕೊಂಡ. ಡುವೇನ್ ಜೋನ್ಸ್ 1988ರಲ್ಲೇ ಹೋಗಿದ್ದ. ಕೂಪರ್ ದಂಪತಿಯಾಗಿ ನಟಿಸಿದ ಕಾರ್ಲ್ ಹಾರ್ಡ್‌ಮನ್ 2007ರಲ್ಲಿ, ಮೆರಿಲಿನ್ ಈಸ್ಟ್‌ಮನ್ 2021ರಲ್ಲಿ. ಮೊದಲ ಹೆಣವಾಗಿ ಬಂದ ಬಿಲ್ ಹಿಂಜ್‌ಮನ್ 2012ರಲ್ಲಿ.

ಹೊಸ ಪ್ರತಿ ಬಂದಾಗ ಒಂದು ತಮಾಷೆಯಾಯಿತು. ಇಷ್ಟು ವರ್ಷ ಜನ ಮೆಚ್ಚಿದ್ದ ಆ ಮಸುಕು, ಸುದ್ದಿಚಿತ್ರದಂಥ ಒರಟುತನ, ಬಹುಪಾಲು ರೊಮೆರೊನದ್ದಲ್ಲ, ಸವೆತದ್ದು. ಅವನು ತೆಗೆದದ್ದು ನೆರಳು ಬೆಳಕು ಚೊಕ್ಕವಾಗಿ ಬೇರ್ಪಟ್ಟ, ಓರಣವಾದ ಚಿತ್ರ. ಒಂದು ತಲೆಮಾರು ಕೊಳೆತದ್ದನ್ನೇ ಮುಖವೆಂದು ಗುರುತು ಹಿಡಿದಿತ್ತು. ತೊಳೆದ ಪ್ರತಿಯಲ್ಲಿ ಹೆಣಗಳ ಮುಖ ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತದೆ: ರಾತ್ರಿಯುಡುಪಿನ ಹೆಂಗಸು, ಬ್ಯಾಂಡೇಜು ಸುತ್ತಿಕೊಂಡವನು, ಆಫೀಸಿನಿಂದ ನೇರ ಬಂದಂತಿರುವ ಗುಮಾಸ್ತ. ಇವರು ತಂಡದ ಗೆಳೆಯರು, ಜಾಹೀರಾತು ಕೊಡುತ್ತಿದ್ದ ಗಿರಾಕಿಗಳು, ಇವಾನ್ಸ್ ಸಿಟಿಯ ನೆರೆಹೊರೆಯವರು. ಬೆಳಗಿನ ದೃಶ್ಯಕ್ಕೆ ತಮ್ಮ ತಮ್ಮ ಬಂದೂಕು ಹಿಡಿದು ಬಂದವರೂ ಆ ಸೀಮೆಯವರೇ. ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ, ನಡಿಗೆಯೊಂದನ್ನು ಬಿಟ್ಟರೆ ಯಾರು ಯಾವ ಕಡೆಯವರೆಂದು ಹೇಳಲು ನನಗಂತೂ ಆಗುವುದಿಲ್ಲ. ಮಸುಕು ಪ್ರತಿಯಲ್ಲಿ ಅದು ಸುಲಭವಿತ್ತು.